ಪದಚರ್ಚೆ: ‘ಫ್ಲೋಟ್ ಟ್ರಿಪ್’ಗೆ ‘ಹೊಳೆಗುಂಟ’ ಅನ್ನಬಹುದಾ?

ಗೆಳೆಯರೇ,

ಒಂದೆರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಮೊದಲು ಸಂದರ್ಭ ಹೇಳಿಬಿಡುತ್ತೇನೆ.

ಅಕ್ಕನ ಮಗ ಅಮೆರಿಕದ ಮಿಸ್ಸೌರಿ ರಾಜ್ಯದಲ್ಲಿದ್ದಾನೆ. ಅಪ್ಪನನ್ನು ಕರೆಸಿಕೊಂಡು, ಇಲೆವೆನ್ ಪಾಯಿಂಟ್ ಅನ್ನೋ ಹೊಳೆಯಲ್ಲಿ ಟ್ರೌಟ್ ಮೀನು ಹಿಡಿಯಲು ಕರೆದುಕೊಂಡು ಹೋಗಬೇಕು ಅಂತ ಅವನ ಆಸೆ. ಎಲ್ಲಿಂದ ಹೊರಡೋದು, ಏನೇನು ತರೋದು, ಏನು ನಿಯಮ, ಎಲ್ಲಾ ಬರೆದು ಕಳಿಸಿದ್ದಾನೆ, ಇಂಗ್ಲಿಷಿನಲ್ಲಿ. ಭಾವನವರು ಹೊನ್ನಾಳಿ ಕಡೆಯ ಹೊಳೆದಂಡೆ ಊರಿನವರು. ಗಾಳ ಹಾಕೋದರಲ್ಲಿ ಎತ್ತಿದ ಕೈ. ಆದರೆ ಓದೋದು ಕನ್ನಡ ಮಾತ್ರ. ಹಾಗಾಗಿ ಅದನ್ನು ಕನ್ನಡ ಮಾಡೋ ಕೆಲಸ ದಾವಣಗೆರೆಯಲ್ಲಿರೋ ನನ್ನ ತಲೆಗೆ ಬಂತು.

ಮೊದಲ ಸಾಲಿನಲ್ಲೇ ತೊಡಕು: ‘ಫ್ಲೋಟ್ ಫಿಶಿಂಗ್ ಟ್ರಿಪ್’. ಈ ‘ಫ್ಲೋಟ್’ಗೆ ಮೀನಿನ ಲೋಕದಲ್ಲಿ ಎರಡು ಅರ್ಥ. ಗಾಳದ ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡೋ ತುಂಡು ಒಂದು. ದೋಣಿಯಲ್ಲಿ ಕೂತು, ಹೊಳೆ ಹರಿದ ಕಡೆಗೇ ತೇಲಿಕೊಂಡು ಹೋಗುತ್ತಾ ದಾರಿಯುದ್ದಕ್ಕೂ ಗಾಳ ಹಾಕೋದು ಇನ್ನೊಂದು. ಹುಡುಗ ಬರೆದಿರೋದು ಎರಡನೆಯದು.

ಮೊದಲನೆಯದಕ್ಕೆ ನಮ್ಮಲ್ಲಿ ಪದಕ್ಕೇನೂ ಬರವಿಲ್ಲ. ಬೆಂಡು. ನಮ್ಮ ಕಡೆ ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಸಿಗೋದೂ ಬೆಂಡೇ. ಮಕ್ಕಳು ಅದರಲ್ಲಿ ಎತ್ತಿನ ಗಾಡಿ ಮಾಡುತ್ತಾರೆ. ಜಾತ್ರೆಯ ಬೆಂಡು ಬತ್ತಾಸು, ‘ಬಳಲಿ ಬೆಂಡಾದ’ ಅನ್ನೋ ಮಾತು, ಎಲ್ಲದರಲ್ಲೂ ಆ ಹಗುರ, ಸತ್ವ ಬಿಟ್ಟುಹೋದ ಗುಣ ಇದೆ ಅಲ್ವಾ. ಭಾವನವರ ಗಾಳಕ್ಕೆ ಈಗ ಇರೋ ಬೆಂಡು ಹಳೇ ಹವಾಯಿ ಚಪ್ಪಲಿಯಿಂದ ಕೊಯ್ದದ್ದು. ನಡುವೆ ಸೂಜಿಯಲ್ಲಿ ತೂತು ಮಾಡಿ ದಾರ ಪೋಣಿಸಿ, ಜಾರದ ಹಾಗೆ ಮೇಲಿನಿಂದ ಒಂದು ಕಡ್ಡಿ ಚುಚ್ಚಿರುತ್ತಾರೆ. ನೀರು ಆಳ ಇದ್ದರೆ ಕಡ್ಡಿ ಕಿತ್ತು ಬೆಂಡನ್ನು ಮೇಲಕ್ಕೆ ಸರಿಸೋದು, ತೆಳು ಇದ್ದರೆ ಕೆಳಕ್ಕೆ. ಸಣ್ಣ ಮೀನು ಕೆಣಕಿದರೆ ‘ಬೆಂಡು ಕುಣೀತು’, ದೊಡ್ಡದು ಕಚ್ಚಿದರೆ ‘ಬೆಂಡು ಎಳೀತು’. ಇಷ್ಟು ಚೆನ್ನಾಗಿ ಬಳಕೆಯಲ್ಲಿರೋ ಪದ ಬಿಟ್ಟು ಕೆಲವರು ‘ತೇಲುಗ’ ಅಂತ ಯಾಕೆ ಬರೆಯುತ್ತಾರೋ ಗೊತ್ತಿಲ್ಲ.

ಕಷ್ಟ ಇರೋದು ಎರಡನೆಯದಕ್ಕೆ. ಇಲ್ಲಿನ ಗೆಳೆಯರೊಬ್ಬರು ‘ತೆಪ್ಪಯಾನ’ ಅಂದರು. ತೆಪ್ಪೋತ್ಸವವನ್ನು ಇಂಗ್ಲಿಷಿನವರು ‘ಫ್ಲೋಟ್ ಫೆಸ್ಟಿವಲ್’ ಅನ್ನುತ್ತಾರಲ್ಲ, ಅದನ್ನೇ ತಿರುಗಿಸಿದರಾಯಿತು ಅನ್ನೋದು ಅವರ ವಾದ. ಆದರೆ ತೆಪ್ಪೋತ್ಸವದಲ್ಲಿ ದೇವರು ಕಲ್ಯಾಣಿಯಲ್ಲೋ ಕೆರೆಯಲ್ಲೋ ಸುತ್ತು ಹಾಕಿ ಹೊರಟ ಜಾಗಕ್ಕೇ ವಾಪಸ್ ಬರುತ್ತಾನೆ. ಜೊತೆಗೆ ನಮ್ಮ ಕಡೆ ಹರಿಗೋಲಿಗೂ ತೆಪ್ಪ ಅಂತಲೇ ಅನ್ನುವವರು ಜಾಸ್ತಿ. ತೆಪ್ಪ ಅಂದ ಕೂಡಲೇ ಭಾವನವರ ಕಣ್ಣ ಮುಂದೆ ಬರೋದು ಗಿರ್ರನೆ ತಿರುಗೋ ಆ ದುಂಡನೆಯ ಬುಟ್ಟಿ. ಅಲ್ಲಿರೋದು ಉದ್ದನೆಯ, ಚಪ್ಪಟೆ ತಳದ ದೋಣಿ.

ಇದನ್ನೇ ಯೋಚಿಸುತ್ತಾ ಕೂತಾಗ ನನಗೆ ಹೊಳೆದದ್ದು ಇಷ್ಟು. ನಮ್ಮ ದೋಣಿಯ ಮಾತುಗಳೆಲ್ಲ ಹೊಳೆ ದಾಟೋಕೆ ಇರುವಂಥವು. ಅಂಬಿಗ ದಾಟಿಸುವವನು. ಕಡವು ಅಂದರೆ ದಾಟೋ ಜಾಗ. ಈಚೆ ದಡ, ಆಚೆ ದಡ. ಹರಿಹರದಲ್ಲಿ ಹರಿಗೋಲು ಹತ್ತಿದವರು ಎದುರಿನ ದಡದಲ್ಲಿ ಇಳಿಯುತ್ತಿದ್ದರೇ ಹೊರತು ಹೊಳೆಯ ಜೊತೆ ಕೆಳಗಿನ ಊರಿಗೆ ಹೋಗುತ್ತಿರಲಿಲ್ಲ. ಅದೇ ತುಂಗಭದ್ರೆಯ ದಂಡೆಯಲ್ಲಿ, ಹರಿಹರದಿಂದ ಕೆಳಗೆ, ಚೌಡಯ್ಯದಾನಪುರ ಇದೆ. 12ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನ ಊರು. ಆ ಕಾಲದಿಂದ ದಾಸರ ಪದಗಳವರೆಗೆ ಅಂಬಿಗನಿಗೆ ಒಂದೇ ಕೆಲಸ: ಈ ದಡದಿಂದ ಆ ದಡಕ್ಕೆ. ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು’ ಅನ್ನೋ ಗಾದೆಯಲ್ಲೂ ಅಷ್ಟೇ. ಹೊಳೆಯನ್ನು ಅಡ್ಡ ಹಾಯೋದಕ್ಕೆ ಇಷ್ಟೊಂದು ಮಾತು ಇರುವಾಗ, ಅದರ ಜೊತೆಗೇ ಸಾಗೋದಕ್ಕೆ ಒಂದು ಒಳ್ಳೆ ಹೆಸರು ಇಲ್ಲವಲ್ಲ.

ಹೆಸರಿಲ್ಲ ಅಂದೆ. ಆದರೆ ಒಂದು ಪ್ರತ್ಯಯ ಇದೆ: ಗುಂಟ. ದಾರಿಗುಂಟ, ಬದುವಿಗುಂಟ, ಕಾಲುವೆಗುಂಟ. ದಾವಣಗೆರೆ, ಹರಿಹರ, ಅಲ್ಲಿಂದ ಉತ್ತರಕ್ಕೆ ಇದು ದಿನನಿತ್ಯದ ಮಾತು. ‘ಹೊಳೆಗುಂಟ’ ಅಂದರೆ ಹೊಳೆ ಹೇಗೆ ಹೋಗುತ್ತೋ ಹಾಗೇ. ‘ಹೊಳೆಯುದ್ದಕ್ಕೂ’ ಅಂದರೆ ಈ ತುದಿಯಿಂದ ಆ ತುದಿವರೆಗೂ ಅನ್ನೋ ಭಾವ ಬರುತ್ತೆ. ಗುಂಟಕ್ಕೆ ಆ ಹಟ ಇಲ್ಲ, ಸ್ವಲ್ಪ ದೂರ ಹೋದರೂ ನಡೆಯುತ್ತೆ. ಹುಡುಗನ ಯೋಜನೆ ಸುಮಾರು 8 ಕಿಲೋಮೀಟರ್ ಮಾತ್ರ, ಗ್ರೀರ್ ಅನ್ನೋ ಜಾಗದಿಂದ ಟರ್ನರ್ ಮಿಲ್‌ವರೆಗೆ. ಹಾಗಾಗಿ ‘ದೋಣಿಯಲ್ಲಿ ಹೊಳೆಗುಂಟ ಗಾಳ’ ಅಂತ ಬರೆದಿದ್ದೇನೆ. ‘ದೋಣಿಯಲ್ಲಿ’ ಬೇಕೇ ಬೇಕು. ಬರೀ ‘ಹೊಳೆಗುಂಟ ಹೋದ’ ಅಂದರೆ ದಂಡೆಯ ಮೇಲೆ ನಡೆದುಕೊಂಡು ಹೋದ ಅಂತಲೇ ನಮ್ಮವರು ತಿಳಿಯೋದು.

ಇದು ಮೈಸೂರು, ಮಂಡ್ಯದ ಕಡೆಯವರಿಗೆ ಹೇಗೆ ಕೇಳುತ್ತೆ? ಕರಾವಳಿಯವರಿಗೆ? ಅದೇ ನನ್ನ ಮೊದಲ ಪ್ರಶ್ನೆ.

ದೋಣಿ ನಡೆಸೋ ರೀತಿಗೂ ಒಂದು ಮಾತು ಬೇಕು. ಅಲ್ಲಿ ಡ್ರಿಫ್ಟ್ ಬೋಟ್ ಅಂತ ಬಳಸುತ್ತಾರೆ. ಹುಟ್ಟು ಹಿಡಿದವನು ನಡುವೆ, ಹೊಳೆ ಹರಿಯೋ ಕಡೆಗೇ ಮುಖ ಮಾಡಿ ಕೂರುತ್ತಾನೆ. ಮೀನು ಹಿಡಿಯುವವರು ಮುಂದೊಬ್ಬರು, ಹಿಂದೊಬ್ಬರು. ಮುಂದೆ ಒಯ್ಯೋಕೆ ನೀರೇ ಇದೆ. ಇವನು ಹುಟ್ಟನ್ನು ತನ್ನ ಕಡೆ ಎಳೆದು ದೋಣಿಯನ್ನು ಹಿಂದಕ್ಕೆ ತಡೆಯುತ್ತಾನೆ. ನೀರಿಗಿಂತ ದೋಣಿ ನಿಧಾನ ಹೋದರೆ ತಾನೇ ಗಾಳ ಹಾಕೋಕೆ ಪುರಸೊತ್ತು ಸಿಗೋದು. ‘ಹುಟ್ಟು ಹಾಕು’ ಅಂತ ಬರೆದರೆ ವೇಗವಾಗಿ ಸಾಗಿಸು ಅನ್ನೋ ಹಾಗೆ ಕೇಳುತ್ತೆ. ಮೇಲಾಗಿ ಪತ್ರಿಕೆಗಳಲ್ಲಿ ದಿನಾ ಯಾರಾದರೂ ಚಳವಳಿ ‘ಹುಟ್ಟುಹಾಕು’ತ್ತಿರುತ್ತಾರೆ. ನಾನು ‘ಹುಟ್ಟು ಹಿಡಿದು ತಡೆಯೋದು’ ಅಂತ ಇಟ್ಟಿದ್ದೇನೆ. ನಡೆಸುವವನನ್ನು ಅಂಬಿಗ ಅಂತಲೇ ಕರೆದಿದ್ದೇನೆ. ದಾಟಿಸದಿದ್ದರೂ ಅವನು ಅಂಬಿಗನೇ, ‘ಗೈಡ್’ ಅಂದರೆ ಹಂಪಿ ತೋರಿಸುವವನ ನೆನಪು ಬರುತ್ತೆ.

‘ಸೀನಿಕ್ ರಿವರ್’ ಅಂತಲೂ ಇದೆ. ‘ರಮಣೀಯ ನದಿ’ ಅಂತ ಬರೆದು ಮುಗಿಸಬಹುದಿತ್ತು. ಆದರೆ ಅದು ಹೊಗಳಿಕೆಯ ಮಾತಲ್ಲ, ಕಾನೂನಿನದು. ಅಮೆರಿಕದಲ್ಲಿ 1968ರಲ್ಲಿ ಹೊಳೆಗಳನ್ನು ಕಾಪಾಡೋಕೆ ಒಂದು ಕಾಯ್ದೆ ಆಯಿತು. ಅದರಲ್ಲಿ ಮೊದಲಿಗೇ ಸೇರಿದ 8 ಹೊಳೆಗಳಲ್ಲಿ ಇಲೆವೆನ್ ಪಾಯಿಂಟ್ ಒಂದು. ಕಾಯ್ದೆ ಮೂರು ಬಗೆ ಮಾಡುತ್ತೆ. ರಸ್ತೆಯೇ ಸುಳಿಯದ ಕಾಡುಹೊಳೆ ಒಂದು. ಅಣೆಕಟ್ಟಿಲ್ಲದ, ದಂಡೆಯಲ್ಲಿ ಕಟ್ಟಡಗಳು ಹೆಚ್ಚಿಲ್ಲದ, ಅಲ್ಲಲ್ಲಿ ಮಾತ್ರ ರಸ್ತೆ ಮುಟ್ಟೋ ಹೊಳೆ ಇನ್ನೊಂದು. ರಸ್ತೆ ಧಾರಾಳವಾಗಿ ಇರೋದು ಮೂರನೆಯದು. ‘ಸೀನಿಕ್’ ಅನ್ನೋದು ನಡುವಿನದು. ನೋಡೋಕೆ ಚೆಂದ ಅನ್ನೋದಕ್ಕಿಂತ ಮುಟ್ಟದೆ ಬಿಟ್ಟದ್ದು ಅನ್ನೋದು ಮುಖ್ಯ. ‘ಕಾಪಿಟ್ಟ ಹೊಳೆ’ ಅಂತ ಹಾಕಿದ್ದೇನೆ. ಆದರೆ ಮೂರೂ ಬಗೆಯನ್ನೂ ಕಾಪಿಟ್ಟಿರುವಾಗ ನಡುವಿನದಕ್ಕೆ ಮಾತ್ರ ಆ ಹೆಸರು ಸರಿಯಾ? ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

‘ಸ್ಪ್ರಿಂಗ್’ಗೆ ಚಿತ್ರದುರ್ಗದ ಒಬ್ಬರು ಒರತೆ ಅಂದರು. ವೇದಾವತಿಯ ಮರಳು ತೋಡಿ ಒರತೆ ನೀರು ತುಂಬಿಕೊಂಡವರ ಮಾತು ಅದು, ತೆಗೆದುಹಾಕೋಕೆ ಮನಸ್ಸು ಬರಲ್ಲ. ಆದರೆ ಗ್ರೀರ್‌ನಲ್ಲಿ ನೆಲದಿಂದ ಉಕ್ಕಿ ಬರೋ ನೀರು ಸೇರಿದ ಮೇಲೆ ಹೊಳೆ ಎರಡರಷ್ಟಕ್ಕಿಂತ ಜಾಸ್ತಿ ಆಗುತ್ತೆ. ಅದನ್ನು ಒರತೆ ಅನ್ನೋಕಾಗಲ್ಲ. ಬುಗ್ಗೆ ಇರಲಿ. ಟ್ರೌಟ್ ಅಲ್ಲಿ ಬದುಕಿರೋದೂ ಈ ಬುಗ್ಗೆಯಿಂದಲೇ. ಅದಕ್ಕೆ ತಣ್ಣನೆಯ ನೀರು ಬೇಕು. ನೀರು 20 ಡಿಗ್ರಿ ದಾಟಿದರೆ ಒದ್ದಾಡುತ್ತೆ. ಬುಗ್ಗೆಯ ನೀರು ವರ್ಷವೆಲ್ಲ ಸುಮಾರು 14 ಡಿಗ್ರಿ. ನಮ್ಮ ದೇಶದಲ್ಲಿ ನೀಲಗಿರಿ, ಕಾಶ್ಮೀರ, ಹಿಮಾಚಲದಲ್ಲಿ ಇರೋದೂ ಹೊರಗಿನಿಂದ ತಂದು ಬಿಟ್ಟ ಟ್ರೌಟ್. ನಮ್ಮ ಹೊಳೆಯಲ್ಲಿ ಇಲ್ಲದ ಮೀನಿಗೆ ಕನ್ನಡ ಹೆಸರು ಹುಡುಕೋದು ವ್ಯರ್ಥ. ಟ್ರೌಟ್ ಅಂತಲೇ ಇರಲಿ.

ಇನ್ನು ‘ಫ್ಲೈ’. ಆ ಜಾಗದಲ್ಲಿ ಎರೆಹುಳ, ಹಿಟ್ಟಿನ ಉಂಡೆ ಯಾವುದೂ ಹಾಕುವಂತಿಲ್ಲ. ಗಾಳದ ಕೊಕ್ಕೆಗೆ ಗರಿ, ದಾರ, ಕೂದಲು ಸುತ್ತಿ ಹುಳದ ಹಾಗೆ ಕಾಣಿಸೋದನ್ನೋ, ಲೋಹದ ಪುಟ್ಟ ಮೀನಿನಂಥದ್ದನ್ನೋ ಬಳಸಬೇಕು. ನೊಣ ಅಂದರೆ ಬೆಲ್ಲಕ್ಕೆ ಮುತ್ತೋ ನೊಣವೇ ಆಗುತ್ತೆ. ಭಾವನವರಿಗೆ ಫೋನಿನಲ್ಲಿ ವಿವರಿಸಿದೆ. ‘ಹಂಗಾದ್ರೆ ಸುಳ್ಳು ಹುಳ ಅಂತ ಬರಿಯಪ್ಪ’ ಅಂದರು. ಎಷ್ಟು ಚೆನ್ನಾಗಿದೆ! ಹಾಗೇ ಹಾಕಿದೆ. 18 ಇಂಚಿಗಿಂತ ಚಿಕ್ಕ ಟ್ರೌಟ್ ಬಿಟ್ಟುಬಿಡಬೇಕು, ದಿನಕ್ಕೆ ಇಟ್ಟುಕೊಳ್ಳೋದು ಒಂದೇ, ಪರವಾನಗಿ ಬೇರೆ ಬೇಕು ಅಂದಾಗ ಮಾತ್ರ, ‘ಹೊಳೆ ನೀರಿಗೂ ದೊಣ್ಣೆನಾಯಕನ ಅಪ್ಪಣೆನಾ?’ ಅಂತ ಕೇಳಿದರು. ಅದನ್ನು ಬರೆದುಕೊಂಡಿಲ್ಲ.

ದೋಣಿ ಇಳಿಸೋ ಜಾಗ, ದೋಣಿ ಎತ್ತೋ ಜಾಗ, ಗಾಡಿ ಮುಂದಕ್ಕೆ ಕಳಿಸೋದು, ಇವೆಲ್ಲ ಸುಮ್ನೆ ಬಿಡಿಸಿ ಬರೆದರೆ ಸಾಕು. ಹೊಸ ಪದ ಟಂಕಿಸೋ ಚಟ ಇರುವವರು ದಯವಿಟ್ಟು ಇವನ್ನು ಬಿಟ್ಟುಬಿಡಿ.

ಕೊನೆಯದಾಗಿ ನೀರಿನ ಬಗೆಗಳು. ಟ್ರೌಟ್ ಎಲ್ಲಿ ನಿಂತಿರುತ್ತೆ ಅನ್ನೋದು ಇದರ ಮೇಲೇ ನಿಂತಿದೆ, ಅದಕ್ಕೇ ಯೋಜನೆಯಲ್ಲಿ ಮತ್ತೆ ಮತ್ತೆ ಬರುತ್ತೆ. ಆಳವಾಗಿ ನಿಂತಂತಿರೋ ನೀರಿಗೆ ಮಡು ಇದೆ. ಜೋರಾಗಿ ಎಳೆಯೋದಕ್ಕೆ ಸೆಳವು ಇದೆ. ಬಂಡೆಯ ಹಿಂದೆ ತಿರುಗೋದು ಸುಳಿ. ಆದರೆ ಮೊಣಕಾಲುದ್ದದ ನೀರು ಸಣ್ಣ ಕಲ್ಲುಗಳ ಮೇಲೆ ಗುಳುಗುಳು ಅನ್ನುತ್ತಾ, ಮೇಲೆಲ್ಲ ಮುರಿದುಕೊಂಡು ಓಡುತ್ತಲ್ಲ, ಅದಕ್ಕೆ? ಭಾವನವರು ‘ಕಲ್ಲುನೀರು’ ಅಂದರು, ಅವರ ತಮ್ಮ ಅದನ್ನು ಒಪ್ಪಲಿಲ್ಲ. ತುಂಗೆ, ಭದ್ರೆ, ಶರಾವತಿ, ಕಾವೇರಿ ದಂಡೆಯವರು ಇದ್ದರೆ ನಿಮ್ಮೂರಲ್ಲಿ ಏನನ್ನುತ್ತಾರೆ ತಿಳಿಸಿ. ನಿಘಂಟಿನಿಂದ ಬೇಡ. ಬಲೆ ಬೀಸುವವರೋ ಗಾಳ ಹಾಕುವವರೋ ಆಡಿದ್ದು ನೀವೇ ಕೇಳಿರಬೇಕು. ಪದದ ಜೊತೆ ಊರಿನ ಹೆಸರೂ ಬರೆಯಿರಿ.