ಟಿಎಸ್-520ಎಸ್ ಫ್ರೀಕ್ವೆನ್ಸಿ ಜಾರುತ್ತಿದೆ, ಯಾವ ಕಡೆಯಿಂದ ಶುರು ಮಾಡಲಿ?

ಮಹಡಿರೂಮು (ವಿಜಯನಗರ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಕೆನ್‌ವುಡ್ ಟಿಎಸ್-520ಎಸ್ ಹ್ಯಾಮ್ ರೇಡಿಯೋ ರಿಗ್ (ಕಳಿಸುವ, ಕೇಳುವ ಎರಡೂ ಇರುವ ಸೆಟ್) ಇದೆ. ಮಾವನವರದು. ಅತ್ತೆ "ತಗೊಂಡು ಹೋಗಪ್ಪ, ಇಲ್ಲಿ ಧೂಳು ತಿನ್ನುತ್ತಾ ಕೂತಿದೆ" ಅಂತ ಕೊಟ್ಟರು. ಫೈನಲ್ ವಾಲ್ವ್‌ಗಳು ಗಟ್ಟಿಯಾಗಿವೆ, ಆಡಿಯೋ ಕೇಳಿದವರೆಲ್ಲ ಮೆಚ್ಚುತ್ತಾರೆ. ತೊಂದರೆ ಒಂದೇ, ಫ್ರೀಕ್ವೆನ್ಸಿ ನಿಂತ ಕಡೆ ನಿಲ್ಲುವುದಿಲ್ಲ.

ಬೆಳಿಗ್ಗೆ ಆರೂವರೆಗೆ ಆನ್ ಮಾಡಿ 7.080 ಮೆಗಾಹರ್ಟ್ಸ್ ಹತ್ತಿರ ಕೂರುತ್ತೇನೆ. ಅರ್ಧ ಗಂಟೆ ಆಗುವಷ್ಟರಲ್ಲಿ ಒಂದೂವರೆ ಕಿಲೋಹರ್ಟ್ಸ್‌ನಷ್ಟು ಮೇಲಕ್ಕೆ ಸರಿದಿರುತ್ತೆ. ನೆಟ್ (ಹ್ಯಾಮ್ ಗೆಳೆಯರ ಗುಂಪು ಮಾತುಕತೆ) ನಡೆಸುವ ಹಿರಿಯರು "ಓಎಂ, ಕ್ಯೂಆರ್‌ಎಚ್" (ಗೆಳೆಯಾ, ನಿನ್ನ ಫ್ರೀಕ್ವೆನ್ಸಿ ಸರಿಯುತ್ತಿದೆ) ಅಂತ ಪ್ರತಿ ಓವರ್‌ನಲ್ಲೂ ನೆನಪಿಸುತ್ತಾರೆ. ಆಮೇಲೆ ನಿಧಾನ ಆಗುತ್ತೆ, ಪೂರ್ತಿ ನಿಲ್ಲಲ್ಲ. ಇದರ ಜೊತೆಗೆ ಟೇಬಲ್ ಮೇಲೆ ಲೋಟ ಇಟ್ಟರೂ ಕೆಲವೊಮ್ಮೆ ಇನ್ನೂರು, ಮುನ್ನೂರು ಹರ್ಟ್ಸ್ ಪಟ್ ಅಂತ ಹಾರುತ್ತೆ.

ಶ್ಯಾಕ್ (ರೇಡಿಯೋ ಕೋಣೆ) ಇರುವುದು ಮಹಡಿ ಮೇಲಿನ ಶೀಟ್ ರೂಮಿನಲ್ಲಿ. ಬೆಳಗಿನ ಬಿಸಿಲು ನೇರ ರಿಗ್ ಮೇಲೆ ಬೀಳುತ್ತೆ. ಕರ್ಟನ್ ಹಾಕಿ ನೋಡಿದೆ, ದೊಡ್ಡ ವ್ಯತ್ಯಾಸ ಇಲ್ಲ.

ಬಿಸಿಯಾದಂತೆ ಮೇಲಕ್ಕೆ ಹೋಗುತ್ತಿದೆ ಅಂದರೆ ಕೆಪಾಸಿಟೆನ್ಸ್ ಕಡಿಮೆ ಆಗುತ್ತಿದೆ ಅಂತ ತಾನೇ ಅರ್ಥ? ಹಾಗಿದ್ದರೆ ಪಾಸಿಟಿವ್ ಕೆಪಾಸಿಟರ್ (ಬಿಸಿಗೆ ಕೆಪಾಸಿಟೆನ್ಸ್ ಏರುವಂಥದ್ದು) ಹಾಕಿ ಸರಿದೂಗಿಸಬೇಕಾ? ಅಥವಾ ವಿಎಫ್‌ಒದಲ್ಲಿರುವ, ಅಂದರೆ ಡಯಲ್ ತಿರುಗಿಸಿದಂತೆ ಫ್ರೀಕ್ವೆನ್ಸಿ ಬದಲಿಸುವ ಆಸಿಲೇಟರಿನಲ್ಲಿರುವ, ಹಳೇ ಕೆಪಾಸಿಟರ್‌ಗಳನ್ನೆಲ್ಲ ಕಿತ್ತು ಹೊಸ ಎನ್‌ಪಿ-ಝೀರೋ (ಬಿಸಿಗೆ ಬದಲಾಗದಂಥದ್ದು) ಹಾಕಿಬಿಡಲಾ?

ಸ್ಪಾರ್ಕ್‌ಗ್ಯಾಪ್

ಐದೂಮುಕ್ಕಾಲಿಗೇ ಆನ್ ಮಾಡಿ, ವಾಲ್ವ್ ಹೀಟರ್ ಸ್ವಿಚ್ ಆಫ್ ಇರಲಿ, ಕಾಫಿ ಕುಡಿದು ಬನ್ನಿ. ನಾವೆಲ್ಲ ಹಾಗೇ ಮಾಡಿಕೊಂಡು ಬಂದಿದ್ದೇವೆ. ಐವತ್ತು ವರ್ಷದ ಹಿಂದಿನ ಡಿಸೈನು, ಇಷ್ಟಕ್ಕೆಲ್ಲ ಬಿಚ್ಚಬೇಡಿ.

ಜಾಲಹಳ್ಳಿ ತಾತ

ಕಾಫಿ ಕುಡಿಯಲಿ, ಬೇಡ ಅನ್ನಲ್ಲ. ಆದರೆ ಅರ್ಧ ಗಂಟೆ ಆದಮೇಲೂ ನಿಲ್ಲದಿದ್ದರೆ, ಲೋಟ ಇಟ್ಟರೆ ಹಾರಿದರೆ, ಅದು ಡಿಸೈನ್ ತಪ್ಪಲ್ಲ. ವಯಸ್ಸಿನ ಕಾಯಿಲೆ. ಸರಿ ಮಾಡಬಹುದು.

ಅಪ್ಪಾ ಮಹಡಿರೂಮು, ಸದ್ಯಕ್ಕೆ ಸಾಲ್ಡರಿಂಗ್ ಐರನ್ ಕೆಳಗಿಡಿ. ನೀವು ಕೇಳಿರುವ ಪ್ರಶ್ನೆಯಲ್ಲೇ ಒಂದು ಗುಂಡಿ ಇದೆ. ಈ ರಿಗ್‌ನಲ್ಲಿ ವಿಎಫ್‌ಒ ಉಲ್ಟಾ ಓಡುತ್ತೆ. 40 ಮೀಟರ್‌ಗೆ (7 ಮೆಗಾಹರ್ಟ್ಸ್ ಬ್ಯಾಂಡು) ಹೆಟರೊಡೈನ್ ಕ್ರಿಸ್ಟಲ್ (ಬೆರೆಸಲು ಇರುವ ಸ್ಥಿರ ಸಿಗ್ನಲ್) 15.895, ಐಎಫ್ (ರಿಗ್ ಒಳಗಿನ ಮಧ್ಯಂತರ ಫ್ರೀಕ್ವೆನ್ಸಿ) 3.395, ಎಲ್ಲ ಮೆಗಾಹರ್ಟ್ಸ್ ಲೆಕ್ಕ. ಕ್ರಿಸ್ಟಲ್‌ನಿಂದ ಐಎಫ್ ಮತ್ತು ವಿಎಫ್‌ಒ ಎರಡನ್ನೂ ಕಳೆದರೆ ನಿಮ್ಮ ಫ್ರೀಕ್ವೆನ್ಸಿ. ಡಯಲ್ 7.000 ತೋರಿಸುವಾಗ ವಿಎಫ್‌ಒ 5.500, ಡಯಲ್ 7.080ಕ್ಕೆ ಬಂದರೆ ವಿಎಫ್‌ಒ 5.420. ರಿಗ್ ಮೇಲಕ್ಕೆ ಹೋಗುತ್ತಿದೆ ಅಂದರೆ ವಿಎಫ್‌ಒ ಕೆಳಕ್ಕೆ ಇಳಿಯುತ್ತಿದೆ. ಕಾಯಿಲು ಬಿಸಿಯಾದಾಗ ಆಗುವುದೇ ಅದು. ಪಾಸಿಟಿವ್ ಕೆಪಾಸಿಟರ್ ಹಾಕಿದ್ದರೆ ಡ್ರಿಫ್ಟ್ ಇನ್ನೂ ಜಾಸ್ತಿ ಆಗುತ್ತಿತ್ತು.

ಆದ್ದರಿಂದ ಗಾಳಿಯಲ್ಲಿ ಕೇಳಿ ಅಂದಾಜು ಮಾಡಬೇಡಿ, ವಿಎಫ್‌ಒವನ್ನೇ ಅಳೆಯಿರಿ. 520ಎಸ್ ಆಗಿರುವುದು ನಿಮ್ಮ ಪುಣ್ಯ. ಡಿಜಿ-5 ಅನ್ನುವ ಹೊರಗಿನ ಫ್ರೀಕ್ವೆನ್ಸಿ ಡಿಸ್‌ಪ್ಲೇಗೆ ಅಂತ ಹಿಂದುಗಡೆ ವಿಎಫ್‌ಒ, ಹೆಟ್ (ಹೆಟರೊಡೈನ್), ಕ್ಯಾರಿಯರ್ ಮೂರಕ್ಕೂ ಜ್ಯಾಕ್ ಕೊಟ್ಟಿದ್ದಾರೆ. ಫ್ರೀಕ್ವೆನ್ಸಿ ಕೌಂಟರ್ ಅಲ್ಲಿ ಹಾಕಿ, ಮುಚ್ಚಳ ತೆಗೆಯದೆ ಮೂರನ್ನೂ ನೋಡಿ. ಕ್ರಿಸ್ಟಲ್‌ಗಳು ಕೆಲವು ಹರ್ಟ್ಸ್ ಆಡಿದರೆ ಚಿಂತೆ ಇಲ್ಲ, ಕಳ್ಳ ವಿಎಫ್‌ಒನೇ. ಅಳೆಯುವಾಗ ಆರ್‌ಐಟಿ (ಕೇಳುವ ಫ್ರೀಕ್ವೆನ್ಸಿಯನ್ನು ಮಾತ್ರ ಚೂರು ಸರಿಸುವ ಗುಂಡಿ) ಆಫ್ ಇರಲಿ. ಅದರ ಪಾಟ್ ಸವೆದಿದ್ದರೆ ವ್ಯಾರಾಕ್ಟರ್ (ವೋಲ್ಟೇಜಿಗೆ ತಕ್ಕಂತೆ ಕೆಪಾಸಿಟೆನ್ಸ್ ಬದಲಿಸುವ ಡಯೋಡು) ಮೇಲಿನ ವೋಲ್ಟೇಜ್ ಅಲುಗಾಡಿ ಸುಮ್ನೆ ದಾರಿ ತಪ್ಪಿಸುತ್ತೆ.

ಈಗ ಹಾರುವ ವಿಷಯ. ಜಾರುವುದು ಬೇರೆ, ಹಾರುವುದು ಬೇರೆ. ಹಾರುವುದನ್ನು ಮೊದಲು ನಿಲ್ಲಿಸಿ, ಇಲ್ಲದಿದ್ದರೆ ಜಾರುವುದರ ಲೆಕ್ಕ ಸಿಗಲ್ಲ. ಹತ್ತರಲ್ಲಿ ಎಂಟು ಸಲ ಅದು ಗ್ಯಾಂಗ್ ಕಂಡೆನ್ಸರ್ (ಡಯಲ್ ಜೊತೆ ಪ್ಲೇಟುಗಳು ತಿರುಗುವ ಕೆಪಾಸಿಟರ್). ತಿರುಗುವ ಶಾಫ್ಟಿಗೆ ಅರ್ತ್ ಕೊಡುವ ಸಣ್ಣ ಸ್ಪ್ರಿಂಗ್ ಪತ್ತಿ ಇರುತ್ತೆ. ಅಲ್ಲಿನ ಗ್ರೀಸ್ ಒಣಗಿ ಕಂದು ಅಂಟಾಗಿರುತ್ತೆ, ನೋಡಿದರೇ ಗೊತ್ತಾಗುತ್ತೆ. ಹಲ್ಲುಕಡ್ಡಿ ತುದಿಗೆ ಐಸೋಪ್ರೊಪೈಲ್ ಹಚ್ಚಿ ಆ ಅಂಟು ತೆಗೆಯಿರಿ. ಶಾಫ್ಟ್ ನಾಲ್ಕು ಸಲ ಆ ತುದಿಯಿಂದ ಈ ತುದಿಗೆ ತಿರುಗಿಸಿ, ಮತ್ತೆ ಒರೆಸಿ. ಕೊನೆಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದೇ ತೊಟ್ಟು. ಡಬ್ಬಿಯಿಂದ ನೇರ ಸ್ಪ್ರೇ ಹೊಡೆದರೆ ಪ್ಲೇಟುಗಳ ಮಧ್ಯೆ ಎಣ್ಣೆ ಕೂತು ಇನ್ನೊಂದು ತಲೆನೋವು. ಹಾಗೇ ವಿಎಫ್‌ಒ ಬೋರ್ಡಿನ ಸ್ಕ್ರೂಗಳನ್ನೂ ಬಿಗಿ ಮಾಡಿ, ಅರ್ತ್ ಅಲ್ಲಿಂದಲೇ ಹೋಗುತ್ತೆ. ಮುಚ್ಚಳ ತೆಗೆಯುವ ಮುಂಚೆ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ. ಪ್ಲೇಟ್ ಸಪ್ಲೈ 800 ವೋಲ್ಟ್ ಸುಮಾರು, ಅದರ ಕೆಪಾಸಿಟರ್ ಖಾಲಿ ಆಗಿದೆಯಾ ಅಂತ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ. ಇಷ್ಟು ವರ್ಷ ಬದುಕಿದ್ದೇನೆ ಅಂದರೆ ಈ ಅಭ್ಯಾಸದಿಂದ.

ಇನ್ನೊಂದು, ವಿಎಫ್‌ಒಗೆ ಬರುವ ರೆಗ್ಯುಲೇಟೆಡ್ ವೋಲ್ಟೇಜ್. ನೀವು ಕೂರುವ ಹೊತ್ತಿಗೇ ಬೀದಿಯವರೆಲ್ಲ ಸಂಪ್ ಮೋಟಾರ್ ಹಾಕುತ್ತಾರೆ, ಅಲ್ವಾ? ಲೈನ್ ಇಳಿದಾಗ ಆ ವೋಲ್ಟೇಜೂ ಇಳಿದರೆ ಕೆಪಾಸಿಟರ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ. ಮೀಟರ್ ಹಾಕಿ ಅರ್ಧ ಗಂಟೆ ನೋಡಿ.

ಇಷ್ಟು ಆದಮೇಲೂ ಜಾರಿದರೆ ಲೆಕ್ಕ ಹೀಗೆ. ವಿಎಫ್‌ಒ 5.420ರಿಂದ 1.4 ಕಿಲೋಹರ್ಟ್ಸ್ ಇಳಿಯಿತು ಅಂದುಕೊಳ್ಳಿ. ಅದು 258 ಪಿಪಿಎಂ (ಹತ್ತು ಲಕ್ಷಕ್ಕೆ 258). ಫ್ರೀಕ್ವೆನ್ಸಿಯಲ್ಲಿ ಎಲ್-ಸಿ (ಕಾಯಿಲು, ಕೆಪಾಸಿಟರ್ ಗುಣಲಬ್ಧ) ವರ್ಗಮೂಲದೊಳಗೆ ಬರುತ್ತಲ್ಲ, ಹಾಗಾಗಿ ಎರಡರಿಂದ ಗುಣಿಸಿ, ಸುಮಾರು 517. ಮೀಟರಿನ ಥರ್ಮೋಕಪಲ್ ತುದಿಯನ್ನು ವಿಎಫ್‌ಒ ಡಬ್ಬಿಯೊಳಗೆ ತೂರಿಸಿ. ಒಳಗಿನ ಬಿಸಿ 14 ಡಿಗ್ರಿ ಏರಿದ್ದರೆ ಡಿಗ್ರಿಗೆ 37 ಪಿಪಿಎಂ. ಎನ್-750 ಕೆಪಾಸಿಟರ್ ಡಿಗ್ರಿಗೆ 750 ಪಿಪಿಎಂ ಇಳಿಯುತ್ತೆ. ಟ್ಯಾಂಕಿನ (ಕಾಯಿಲು-ಕೆಪಾಸಿಟರ್ ಜೋಡಿಯ) ಒಟ್ಟು ಕೆಪಾಸಿಟೆನ್ಸ್ 200 ಪಿಕೋಫ್ಯಾರಡ್ ಇದ್ದರೆ, 200 ಗುಣಿಸು 37, ಭಾಗಿಸು 750, ಹೆಚ್ಚು ಕಡಿಮೆ 10 ಪಿಕೋಫ್ಯಾರಡ್. ಅಷ್ಟು ಎನ್-750 ಸೇರಿಸಿ, ಅಷ್ಟೇ ಎನ್‌ಪಿ-ಝೀರೋ ಕಡಿಮೆ ಮಾಡಿ. ಉಳಿದ ಚೂರುಪಾರು ವ್ಯತ್ಯಾಸಕ್ಕೆ ಟ್ರಿಮ್ಮರ್ ಇದೆ.

ಇದರಲ್ಲೇ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇದೆ. ಎಲ್ಲವನ್ನೂ ಕಿತ್ತು ಎನ್‌ಪಿ-ಝೀರೋ ಹಾಕಬೇಡಿ. ಕಾಯಿಲಿನ ಏರಿಕೆಗೆ ಸರಿಯಾಗಿ ಇಳಿಯಲಿ ಅಂತಲೇ ಕಾರ್ಖಾನೆಯವರು ಕೆಲವು ನೆಗೆಟಿವ್ ಕೆಪಾಸಿಟರ್ ಆರಿಸಿ ಹಾಕಿರುತ್ತಾರೆ. "ರೀಕ್ಯಾಪ್ ಮಾಡಿದೆ, ಈಗ ಮೊದಲಿಗಿಂತ ಕೆಟ್ಟಿದೆ" ಅಂತ ಬರುವ ರಿಗ್‌ಗಳ ಕಥೆ ಮುಕ್ಕಾಲು ಪಾಲು ಇದೇ.

ಬೈಟುಕಾಫಿ

ತಾತ, ಗೌರವ ಇಟ್ಟುಕೊಂಡೇ ಕೇಳುತ್ತೇನೆ, ಇಷ್ಟೆಲ್ಲ ಯಾಕೆ? ರಿಗ್ ಹಿಂದೆ ವಿಎಫ್‌ಒ-520 ಅನ್ನುವ ಹೊರಗಿನ ವಿಎಫ್‌ಒ ಹಾಕುವ ಸಾಕೆಟ್ ಇದೆ. ಒಂದು ಎಸ್‌ಐ5351 (ಫ್ರೀಕ್ವೆನ್ಸಿ ಹುಟ್ಟಿಸುವ ಚಿಪ್) ಬೋರ್ಡು, ಅದನ್ನು ನಡೆಸಲು ಒಂದು ಆರ್ಡುವಿನೋ, ಚೌಕ ಅಲೆಯನ್ನು ತಿದ್ದಲು ಒಂದು ಲೋ-ಪಾಸ್ ಫಿಲ್ಟರ್. 4.9ರಿಂದ 5.5 ಮೆಗಾಹರ್ಟ್ಸ್ ಕೊಟ್ಟರೆ ಮುಗಿಯಿತು. ಒಳಗಿನ ಒಂದು ತಂತಿಯನ್ನೂ ಮುಟ್ಟುವುದು ಬೇಡ.

ಅದೂ ಬೇಡ ಅಂದರೆ ಹಫ್-ಪಫ್ ಇದೆ. ಡಚ್ ಹ್ಯಾಮ್ ಕ್ಲಾಸ್ ಸ್ಪಾರ್ಗಾರೆನ್ 1970ರ ದಶಕದಲ್ಲಿ ಮಾಡಿದ್ದು. ಕ್ರಿಸ್ಟಲ್ ಗಡಿಯಾರಕ್ಕೆ ಹೋಲಿಸಿ ವಿಎಫ್‌ಒವನ್ನು ಎಣಿಸುತ್ತಾ ಇರುತ್ತೆ, ಸರಿದರೆ ವ್ಯಾರಾಕ್ಟರ್‌ಗೆ ಚೂರು ವೋಲ್ಟೇಜ್ ಕೊಟ್ಟು ವಾಪಸ್ ತಳ್ಳುತ್ತೆ. ಆರ್‌ಐಟಿ ವ್ಯಾರಾಕ್ಟರ್ ಹೇಗೂ ಇದೆಯಲ್ಲ.

ಜಾಲಹಳ್ಳಿ ತಾತ

ಎರಡೂ ಒಳ್ಳೆಯದೇ ಮಗಳೇ. ಆದರೆ ಹಫ್-ಪಫ್ ನಿಧಾನವಾಗಿ ಜಾರುವುದನ್ನು ಹಿಡಿಯುತ್ತೆ, ಹಾರುವುದನ್ನಲ್ಲ. ಹಾರಿದರೆ ಪಕ್ಕದ ಮೆಟ್ಟಿಲಿಗೆ ಲಾಕ್ ಆಗಿ ಅಲ್ಲೇ ಕೂರುತ್ತೆ. ಗ್ಯಾಂಗ್ ತೊಳೆಯುವುದು ಹೇಗೂ ತಪ್ಪಿದ್ದಲ್ಲ. ಇನ್ನು ಎಸ್‌ಐ5351. ಆ ದೊಡ್ಡ ಡಯಲ್ ತಿರುಗಿಸುವ ಸುಖಕ್ಕೆ ತಾನೇ ಈ ಪೆಟ್ಟಿಗೆ ಇಟ್ಟುಕೊಳ್ಳುವುದು? ಅದನ್ನು ಅಲಂಕಾರಕ್ಕೆ ಬಿಡುವುದಾದರೆ ಹೊಸ ರಿಗ್ಗೇ ತಗೊಳ್ಳಬಹುದು. ಇದು ನನ್ನ ಹಟ, ನಿಯಮ ಅಲ್ಲ.

ಮಹಡಿರೂಮು (ವಿಜಯನಗರ)

ತಾತ ಹೇಳಿದ ಹಾಗೇ ಹೋದೆ. ಗ್ಯಾಂಗ್ ಪತ್ತಿಯ ಮೇಲಿನ ಗ್ರೀಸು ಬೆಲ್ಲದ ಪಾಕ ಗಟ್ಟಿಯಾದ ಹಾಗಿತ್ತು. ತೆಗೆದ ಮೇಲೆ ಹಾರಾಟ ಪೂರ್ತಿ ನಿಂತಿತು, ಈಗ ಟೇಬಲ್ ಗುದ್ದಿದರೂ ಕೌಂಟರ್ ಅಲುಗಾಡಲ್ಲ. ರೆಗ್ಯುಲೇಟೆಡ್ ವೋಲ್ಟೇಜ್ ಮೋಟಾರ್ ಹೊತ್ತಿನಲ್ಲೂ ಸ್ಥಿರವಾಗಿದೆ. ಹೆಟ್, ಕ್ಯಾರಿಯರ್ ಎರಡೂ ಸರಿ. ವಿಎಫ್‌ಒ ನಿಜವಾಗಿಯೂ ಕೆಳಕ್ಕೇ ಇಳಿಯುತ್ತಿತ್ತು.

ಕಷ್ಟ ಆಗಿದ್ದು ಎನ್-750 ಹುಡುಕುವುದು. ಎಸ್‌ಪಿ ರೋಡಿನಲ್ಲಿ ಕೇಳಿದರೆ ಮಾಮೂಲಿ ಡಿಸ್ಕ್ ಕೊಟ್ಟು "ಎಲ್ಲಾ ಒಂದೇ ಸರ್" ಅಂದರು. ಕೊನೆಗೆ ಒಂದು ಗುಜರಿ ಅಂಗಡಿಯಲ್ಲಿ ಹಳೇ ಟಿವಿ ಟ್ಯೂನರ್ ಬೋರ್ಡುಗಳು ಸಿಕ್ಕವು. ತಲೆ ಮೇಲೆ ನೇರಳೆ ಬಣ್ಣ ಇರುವುದು ಎನ್-750, ಕಪ್ಪು ಇರುವುದು ಎನ್‌ಪಿ-ಝೀರೋ. ಹುಡುಕುವವರಿಗೆ ಇದು ಗೊತ್ತಿದ್ದರೆ ಅನುಕೂಲ.

10 ಪಿಕೋಫ್ಯಾರಡ್ ಹಾಕಿದಾಗ ಸ್ವಲ್ಪ ಜಾಸ್ತಿ ಆಯಿತು, ವಿಎಫ್‌ಒ ಮೇಲಕ್ಕೆ ಹೋಗತೊಡಗಿತು. 8.2ಕ್ಕೆ ಇಳಿಸಿದೆ. ಈಗ ಮೊದಲ ಅರ್ಧ ಗಂಟೆಯಲ್ಲಿ 200 ಹರ್ಟ್ಸ್ ಒಳಗೆ ಇದೆ, ಆಮೇಲೆ ನಿಂತೇ ಬಿಡುತ್ತೆ. ಒಂದು ಗಮನಿಸಿ: ಮುಚ್ಚಳ ತೆಗೆದು ಅಳೆದರೆ ಬೇರೆ ಉತ್ತರ, ಹಾಕಿ ಅಳೆದರೆ ಬೇರೆ. ಫ್ಯಾನ್ ಹಾಕಿದರಂತೂ ಕೇಳಲೇಬೇಡಿ. ಸಾಲ್ಡರ್ ಮಾಡಿದ ಮೇಲೆ ರಾತ್ರಿಯೆಲ್ಲ ತಣ್ಣಗಾಗಲು ಬಿಟ್ಟು ಬೆಳಿಗ್ಗೆ ನೋಡಿದರೆ ಮಾತ್ರ ನಂಬಬಹುದಾದ ಅಂಕಿ ಸಿಗುತ್ತೆ.

ಬೋರ್ಡುಗಳಿಂದ ಕಿತ್ತ ನೇರಳೆ ತಲೆಯವು ಇನ್ನೂ ಒಂದು ಡಬ್ಬಿ ಇವೆ, 4.7ರಿಂದ 22ರವರೆಗೆ. ಬೇಕಾದವರು ಕೇಳಿ.

ಸ್ಪಾರ್ಕ್‌ಗ್ಯಾಪ್

10ರದ್ದು ಎರಡು ನನಗಿರಲಿ ಓಎಂ. ನನ್ನ ಎಫ್‌ಟಿ-101ಝಡ್‌ಡಿ ರಿಗ್ಗಿನ ಮುಚ್ಚಳ ಈ ಭಾನುವಾರ ತೆಗೆಯುತ್ತೇನೆ. 73 (ಶುಭಾಶಯ).