ಸಹಾಯ ಬೇಕು: ‘ನೀತಿ’ ಮತ್ತು ‘ನೀತಿವಂತನೆಂಬ ನಿರ್ಣಯ’ ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವನು. ಈ ಭಾನುವಾರ ನಮ್ಮ ಸಭೆಯ (ಚರ್ಚಿನ) ಹುಡುಗರಿಗೆ ಬೈಬಲ್‌ನ ರೋಮಾಪುರದವರಿಗೆ ಬರೆದ ಪತ್ರದ 3 ಮತ್ತು 4ನೇ ಅಧ್ಯಾಯ ಹೇಳಿಕೊಡಬೇಕು. ಒಂದು ಕಡೆ ಸಿಕ್ಕಿಬಿದ್ದಿದ್ದೇನೆ.

ಇಂಗ್ಲಿಷಿನಲ್ಲಿ ಜಸ್ಟಿಫಿಕೇಶನ್, ರೈಚಸ್‌ನೆಸ್ ಅಂತ ಬೇರೆ ಬೇರೆ ಪದ. ನಮ್ಮ ಬೈಬಲ್‌ನಲ್ಲಿ ರೈಚಸ್‌ನೆಸ್‌ಗೆ ‘ನೀತಿ’, ಜಸ್ಟಿಫಿಕೇಶನ್‌ಗೆ ‘ನೀತಿವಂತರೆಂದು ನಿರ್ಣಯಿಸುವುದು’. ಪತ್ರದ ಮೂಲ ಭಾಷೆ ಗ್ರೀಕ್ ನೋಡೋಣ ಅಂದ್ರೆ ಅಲ್ಲೂ ದಿಕೈಯೋಸಿಸ್ (ಜಸ್ಟಿಫಿಕೇಶನ್), ದಿಕೈಯೋಸುನೆ (ರೈಚಸ್‌ನೆಸ್), ಒಂದೇ ಬೇರು! (ಕನ್ನಡಕ್ಕೆ ತಂದವರ ತಪ್ಪಲ್ಲ ಬಿಡಿ.)

ನನಗೆ ತೋಚಿದ್ದು ಇಷ್ಟು. ಧಾರವಾಡದ ಕೋರ್ಟಿನಲ್ಲಿ ಒಬ್ಬ ಖುಲಾಸೆ ಆದ ಅಂದುಕೊಳ್ಳಿ. ಆ ತೀರ್ಪು ಜಸ್ಟಿಫಿಕೇಶನ್. ಅವನ ನಡತೆ ನೆಟ್ಟಗಿರುವುದು ರೈಚಸ್‌ನೆಸ್. ಹಿರಿಯರೊಬ್ಬರಿಗೆ ಹೇಳಿದೆ. ಅವರು ರೋಮಾ 4ರ ಮಾತು ಎತ್ತಿ, “ಹಂಗಾದ್ರ ಅಬ್ರಹಾಮನ ನಂಬಿಕೆನ ನೀತಿ ಅಂತ ಎಣಿಸಿದ್ದು ಯಾಕ? ಅದು ನಡತಿ ಅಲ್ಲಲ್ಲ?” ಅಂದರು. ಸುಮ್ನಾದೆ. ಬೈಬಲ್‌ನ ಇನ್ನೊಂದು ಪತ್ರ ಯಾಕೋಬ 2:24 ಓದಿದ ಮೇಲಂತೂ ಗೊಂದಲ ಇನ್ನೂ ಜಾಸ್ತಿ ಆಯಿತು. ಅಲ್ಲಿ ನೀತಿವಂತನೆಂದು ನಿರ್ಣಯಿಸಲ್ಪಡಲು ನಂಬಿಕೆ ಮಾತ್ರ ಸಾಲದು, ಕ್ರಿಯೆಗಳೂ ಬೇಕು ಅಂತಿದೆ.

ನನ್ನ ಪ್ರಶ್ನೆ: ರೋಮಾ 4ರ ‘ನೀತಿ’ ಅಂದರೆ ದೇವರು ಕೊಡುವ ಸ್ಥಾನವೋ, ಮನುಷ್ಯನ ಗುಣವೋ? ಸ್ಥಾನವೇ ಆದರೆ ಅದಕ್ಕೂ ತೀರ್ಪಿಗೂ ವ್ಯತ್ಯಾಸ ಏನು? ಹುಡುಗರಿಗೆ ತಿಳಿಯುವ ಒಂದು ಉದಾಹರಣೆಯೂ ಕೊಡ್ತೀರಾ?