ಕುರಿ ಸಾಕುತ್ತಿದ್ದವನ ನಕ್ಷೆ ಸ್ಪರ್ಧೆಯಲ್ಲಿ ಗೆದ್ದದ್ದು ಹೇಗೆ?

ಪ್ರಶ್ನೆ (ವಿದ್ಯಾರ್ಥಿನಿ, ಜಯನಗರ):
ಅಮೆರಿಕದ ಬಾಸ್ಟನ್ ಅಥೀನಿಯಂ ಬಗ್ಗೆ ತರಗತಿಯಲ್ಲಿ ಮಾತನಾಡಬೇಕಿದೆ. 1807ರಲ್ಲಿ ಶುರುವಾದ, ಷೇರುದಾರರ ಖಾಸಗಿ ಗ್ರಂಥಾಲಯ. ಬೀಕನ್ ರಸ್ತೆಯ ಕಟ್ಟಡಕ್ಕೆ 1840ರ ದಶಕದಲ್ಲಿ ಸ್ಪರ್ಧೆ ನಡೆದು ಎಡ್ವರ್ಡ್ ಕ್ಲಾರ್ಕ್ ಕ್ಯಾಬಟ್ ಗೆದ್ದ. ಅವನು ವಾಸ್ತುಶಿಲ್ಪ ಕಲಿತವನಲ್ಲ, ಮೊದಲು ಕುರಿ ಸಾಕುತ್ತಿದ್ದವನು! ಆ ಕಾಲದ ಸ್ಪರ್ಧಾ ನಕ್ಷೆಗಳು ಜಲವರ್ಣ ಚಿತ್ರಗಳಂತಿರುತ್ತವೆ. ಅಂದ ನೋಡಿಯೇ ಬಹುಮಾನ ಕೊಡುತ್ತಿದ್ದರೇ?

ಉತ್ತರ (ನಿವೃತ್ತ ಡ್ರಾಫ್ಟ್ಸ್‌ಮನ್, ಬಸವನಗುಡಿ):
ಕುರಿಯ ವಿಷಯ ಬಿಡಮ್ಮಾ. ಆಗ ಅಮೆರಿಕದಲ್ಲಿ ವಾಸ್ತುಶಿಲ್ಪದ ಕಾಲೇಜೇ ಇರಲಿಲ್ಲ. ಎಂಐಟಿ ಎಂಬ ತಾಂತ್ರಿಕ ಸಂಸ್ಥೆಯಲ್ಲಿ ಆ ಪಾಠ ಶುರುವಾದದ್ದು 1868ರಲ್ಲಿ. ಕ್ಯಾಬಟ್‌ನ ಮುಂಭಾಗಕ್ಕೆ ಇಟಲಿಯ ವಿಚೆಂಜಾದಲ್ಲಿ ಹಳೆಯ ಕಾಲದ ವಾಸ್ತುಶಿಲ್ಪಿ ಪಲ್ಲಾಡಿಯೊ ಕಟ್ಟಿದ ಅರಮನೆಯೊಂದು ಮಾದರಿ. ನಿರ್ಮಾಣದಲ್ಲಿ ಜಾರ್ಜ್ ಡೆಕ್ಸ್ಟರ್ ಎಂಬ ಅನುಭವಿ ಜೊತೆಗಿದ್ದ.

ಇನ್ನು ಅಂದ. ನಾನು ಮೂವತ್ತು ವರ್ಷ ಟೀ-ಸ್ಕ್ವೇರ್ (ನಕ್ಷೆಗೆ ಗೆರೆ ಎಳೆಯುವ T ಆಕಾರದ ಪಟ್ಟಿ) ಹಿಡಿದವನು, ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಕೆರೆದು ಬೈಗುಳ ತಿಂದವನು. ನನ್ನ ಕಣ್ಣಿಗೆ ಆ ನಕ್ಷೆಗಳಲ್ಲಿ ಬಳಿದ ನೆರಳು ಅಲಂಕಾರವಲ್ಲ, ಲೆಕ್ಕ. ಬೆಳಕು ಎಡಗಡೆ ಮೇಲಿನಿಂದ 45 ಡಿಗ್ರಿಯಲ್ಲಿ ಬೀಳುತ್ತದೆ ಎಂಬುದು ರೂಢಿ. ಹಾಗಾಗಿ ಸಪಾಟು ಗೋಡೆಯ ಮೇಲೆ ಕಾರ್ನಿಸಿನ (ಗೋಡೆಯ ನೆತ್ತಿಯಲ್ಲಿ ಮುಂದೆ ಚಾಚಿದ ಅಂಚಿನ) ನೆರಳು ಎಷ್ಟು ಕೆಳಗಿಳಿದಿದೆಯೋ ಕಾರ್ನಿಸ್ ಅಷ್ಟೇ ಮುಂದೆ ಚಾಚಿದೆ. ಎಂಟು ಅಡಿಗೆ ಒಂದು ಇಂಚಿನ ನಕ್ಷೆಯಲ್ಲಿ ನೆರಳು ಕಾಲು ಇಂಚಿದ್ದರೆ ಚಾಚು 2 ಅಡಿ. ಸ್ಕೇಲ್ ಇಟ್ಟು ಅಳೆದು ನೋಡು. ಸೀಳು ನಕ್ಷೆಯಲ್ಲಿ, ಅಂದರೆ ಕಟ್ಟಡವನ್ನು ಮೇಲಿನಿಂದ ಕೆಳಗೆ ಸೀಳಿ ಒಳಗನ್ನು ತೋರಿಸುವ ನಕ್ಷೆಯಲ್ಲಿ, ಇಟ್ಟಿಗೆಗೆ ನಸುಗೆಂಪು, ಮರಕ್ಕೆ ಹಳದಿ ಬಳಿಯುತ್ತಿದ್ದರು. ಶಾಯಿ ಕಡ್ಡಿಯನ್ನು ನೀರಿನಲ್ಲಿ ತೇಯ್ದು, ತೆಳ್ಳಗೆ ಒಂದು ಪದರ ಬಳಿದು, ಒಣಗಿದ ಮೇಲೆಯೇ ಇನ್ನೊಂದು. ಆತುರಪಟ್ಟರೆ ಅಂಚಿನಲ್ಲಿ ಕಲೆ, ವಾರದ ಕೆಲಸ ಹಾಳು.

ಉತ್ತರ (ವಾಸ್ತುಶಿಲ್ಪಿ, ಮಲ್ಲೇಶ್ವರ):
ಹಿರಿಯರ ಲೆಕ್ಕ ಸರಿ, ಆದರೆ ಅದು ಕಾಗದದ ಸೂರ್ಯ. ಆ ಕಟ್ಟಡ ರಸ್ತೆಯ ದಕ್ಷಿಣ ಬದಿಗಿದೆ, ಬೆನ್ನಿಗೆ ಗ್ರೆನರಿ ಸ್ಮಶಾನ. ಮುಖ ಉತ್ತರದ ಕಡೆಗೆ; ನಡು ಮಧ್ಯಾಹ್ನದ ಬಿಸಿಲು ಮುಂಭಾಗಕ್ಕೆ ಬೀಳುವುದೇ ಇಲ್ಲ. ಷೇರುದಾರರಿಗೆ ಬಿಸಿಲು ತೋರಿಸಿ ಒಪ್ಪಿಸುವುದು ಇಂದಿನ ಕಂಪ್ಯೂಟರ್ ಚಿತ್ರಗಳ ಆಟವೇ ಅಲ್ಲವೇ?

ಉತ್ತರ (ನಿವೃತ್ತ ಡ್ರಾಫ್ಟ್ಸ್‌ಮನ್, ಬಸವನಗುಡಿ):
ಅಲ್ಲ ಸ್ವಾಮಿ. ನಿಮ್ಮ ಕಂಪ್ಯೂಟರಿನ ನೆರಳಿಗೆ ಸ್ಕೇಲ್ ಇಟ್ಟು ಚಾಚು ಹೇಳಿ ನೋಡೋಣ. ಅಮ್ಮಾ, ಮುಂಭಾಗ ಒಂದನ್ನೇ ನೋಡಬೇಡ, ಸೀಳು ನಕ್ಷೆಯನ್ನೂ ನೋಡು: 1849ರಲ್ಲಿ ಬಾಗಿಲು ತೆರೆದಾಗ ಕೆಳಗೆ ಶಿಲ್ಪಗಳು, ನಡುವೆ ಪುಸ್ತಕಗಳು, ಮೇಲೆ ವರ್ಣಚಿತ್ರಗಳು. ಚಿತ್ರಗಳು ಮೇಲಿದ್ದರೆ ಮಾಡಿನಿಂದಲೇ ಬೆಳಕು ಇಳಿಸಬಹುದು.

ವಿದ್ಯಾರ್ಥಿನಿ:
ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಮುಂದೆ ಕುಳಿತು ಒಂದು ಕಿಟಕಿಗೆ ನೆರಳು ಹಾಕಿ ನೋಡಿದೆ. ಮೂರನೆಯ ಪದರಕ್ಕೇ ಕಲೆ ಬಿತ್ತು.